ತಮ್ಮನ ಆಟದ ಬಗ್ಗೆ ಅಪ್ಪನಿಗೆ

ಲಂಡನ್

ತೀರ್ಥರೂಪು ಅಪ್ಪನವರಿಗೆ ಮತ್ತು ಮಾತೃಶ್ರೀ ಅಮ್ಮನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಅಮ್ಮನ ಮಂಡಿನೋವು ಹೇಗಿದೆ, ಎಲ್ಲವನ್ನೂ ತಿಳಿಸಿ.

ಭಾನುವಾರ ಫೋನಿನಲ್ಲಿ ಅಪ್ಪ ಆಡಿದ ಮಾತು ಇನ್ನೂ ಮನಸ್ಸಿನಲ್ಲೇ ಇದೆ. ತಮ್ಮನನ್ನು ಅವನ ಫುಟ್‌ಬಾಲ್ ಕ್ಲಬ್ಬಿನವರು ಈ ಸಾಲಿಗೆ ಬೇರೆ ತಂಡಕ್ಕೆ ಎರವಲು ಕೊಟ್ಟರೆಂದು ತಿಳಿದ ಕೂಡಲೇ, “ಬೇಡವಾದವನನ್ನು ಸಾಗಹಾಕಿದ್ದಾರೆ, ಮಂಡ್ಯಕ್ಕೆ ಬಂದು ಡಿಗ್ರಿ ಮುಗಿಸಲಿ” ಎಂದಿರಿ. ನಿಮ್ಮೊಂದಿಗೆ ಫೋನಿನಲ್ಲಿ ವಾದಕ್ಕೆ ನಿಲ್ಲಲು ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ. ಪೂರ್ತಿ ಓದಿ, ಆಮೇಲೆ ತೀರ್ಮಾನ ಮಾಡಿ ಅಪ್ಪ.

ಇಲ್ಲಿನ ದೊಡ್ಡ ಫುಟ್‌ಬಾಲ್ ತಂಡವಾದ ಆರ್ಸೆನಲ್‌ನ ಮೈದಾನ ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಪಂದ್ಯದ ದಿನ ನಮ್ಮ ಬೀದಿಯ ತುಂಬ ಕೆಂಪು ಅಂಗಿಯವರೇ. ಆ ತಂಡದ ರಕ್ಷಣೆಯ ನಡುಭಾಗದಲ್ಲಿ, ತಮ್ಮ ಆಡುವ ಜಾಗದಲ್ಲೇ, ವಿಲಿಯಂ ಸಲಿಬಾ ಎಂಬ ಹುಡುಗ ಆಡುತ್ತಾನೆ. ಹುಟ್ಟಿದ್ದು 2001ರಲ್ಲಿ, ಪ್ಯಾರಿಸ್ ಪಕ್ಕದ ಬೊಂಡಿಯಲ್ಲಿ. ಫ್ರಾನ್ಸಿನ ಹೆಸರಾಂತ ಆಟಗಾರ ಎಂಬಪೆ ಬೆಳೆದದ್ದೂ ಅಲ್ಲೇ. ಸಲಿಬಾಗೆ ಚಿಕ್ಕಂದಿನಲ್ಲಿ ಆಟ ಹೇಳಿಕೊಟ್ಟವರು ಎಂಬಪೆಯ ತಂದೆ. 17ನೇ ವಯಸ್ಸಿಗೆ ಸೇಂಟ್ ಎಟಿಯೆನ್ ತಂಡದ ಪರ ಫ್ರಾನ್ಸಿನ ದೊಡ್ಡ ಲೀಗ್‌ನಲ್ಲಿ ಆಡಿದ. 2019ರಲ್ಲಿ ಆರ್ಸೆನಲ್ ಅವನನ್ನು ಸುಮಾರು 2.7 ಕೋಟಿ ಪೌಂಡ್ ಕೊಟ್ಟು ಕೊಂಡಿತು, ಕೊಂಡ ಕೈಯಲ್ಲೇ ಹಳೆಯ ತಂಡಕ್ಕೆ ಎರವಲು ಕೊಟ್ಟಿತು. ಬೇಡವಾದವನಿಗೆ ಯಾರಾದರೂ ಅಷ್ಟು ಹಣ ಸುರಿಯುತ್ತಾರೆಯೇ?

ಮುಂದಿನದು ಸುಲಭದ ದಾರಿಯಾಗಿರಲಿಲ್ಲ. ಗಾಯಗಳಿಂದ ಹಲವು ಪಂದ್ಯಗಳು ತಪ್ಪಿದವು. ಕೊರೊನಾದಿಂದ ಆ ಹಳೆಯ ತಂಡ ಆಡಬೇಕಿದ್ದ ಫ್ರೆಂಚ್ ಕಪ್ ಫೈನಲ್ 2020ರ ಜುಲೈಗೆ ಹೋಯಿತು. ಅಷ್ಟರಲ್ಲಿ ಎರವಲಿನ ಅವಧಿ ಮುಗಿದಿತ್ತು, ಎರಡು ಕ್ಲಬ್ಬುಗಳ ನಡುವೆ ಮಾತು ಕುದುರಲಿಲ್ಲ, ಹುಡುಗನಿಗೆ ಫೈನಲ್ ಆಡುವ ಭಾಗ್ಯವಿಲ್ಲದಾಯಿತು. ಲಂಡನ್ನಿಗೆ ಬಂದರೆ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್‌ನ ಪಟ್ಟಿಯಲ್ಲಿ ಹೆಸರೇ ಇಲ್ಲ. ಮುಖ್ಯ ತಂಡಕ್ಕೆ ಒಂದೂ ಪಂದ್ಯವಾಡದೆ 2021ರ ಜನವರಿಯಲ್ಲಿ ಫ್ರಾನ್ಸಿನ ನೀಸ್ ತಂಡಕ್ಕೆ ಎರವಲು ಹೋದ, ಅದೇ ವರ್ಷ ಅಲ್ಲಿನದೇ ಮಾರ್ಸೆ ತಂಡಕ್ಕೆ. ಮಾರ್ಸೆಯಲ್ಲಿ ವಾರವಾರವೂ ಆಡಿದ. ಆ ಸಾಲಿನ ಫ್ರೆಂಚ್ ಲೀಗ್‌ನ ಶ್ರೇಷ್ಠ ಯುವ ಆಟಗಾರನೆಂಬ ಪ್ರಶಸ್ತಿ ಬಂತು, 2022ರ ಮಾರ್ಚ್‌ನಲ್ಲಿ ಫ್ರಾನ್ಸ್ ತಂಡದಲ್ಲಿ ಜಾಗ ಸಿಕ್ಕಿತು. ಆರ್ಸೆನಲ್ ಪರ ಮೊದಲ ಲೀಗ್ ಪಂದ್ಯ ಆಡಿದ್ದು 2022ರ ಆಗಸ್ಟ್ 5ರಂದು. ಕೊಂಡು ಮೂರು ವರ್ಷಗಳಾದ ಮೇಲೆ!

ಎರಡನೇ ಪಂದ್ಯದಲ್ಲೇ, ಲೆಸ್ಟರ್ ವಿರುದ್ಧ, ಅವನ ತಲೆಗೆ ತಾಗಿದ ಚೆಂಡು ಸ್ವಂತ ಗೋಲಿನೊಳಕ್ಕೆ ಹೋಯಿತು. ಆರ್ಸೆನಲ್ ಅಭಿಮಾನಿಗಳು ಬೈಯಲಿಲ್ಲ. ಅವನ ಹೆಸರು ಹಿಡಿದು ಕೂಗಿ ಧೈರ್ಯ ಹೇಳಿದರು. ಮುಂದಿನ ವಾರ ಬೋರ್ನ್‌ಮತ್ ವಿರುದ್ಧ ಎಡಗಾಲಿನಿಂದ ಎಂಥ ಗೋಲು ಹೊಡೆದ ಗೊತ್ತೇ! ಈಗಲೂ ಆ ವಿಡಿಯೊ ನೋಡಿದರೆ ನನ್ನ ಕಣ್ಣು ತುಂಬುತ್ತದೆ. ಅಪ್ಪ, ಆ ವಯಸ್ಸಿನ ಹುಡುಗನಿಗೆ ಬೇಕಾದದ್ದು ಅದು.

ಮುಂಚೂಣಿ ಆಟಗಾರ ಹತ್ತು ಸಲ ಗುರಿ ತಪ್ಪಿ ಒಂದು ಸಲ ಗೋಲು ಹೊಡೆದರೂ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ರಕ್ಷಣಾ ಆಟಗಾರ ತೊಂಬತ್ತು ನಿಮಿಷ ಸರಿಯಾಗಿ ಆಡಿ ಒಂದು ಕ್ಷಣ ಎಡವಿದರೆ ಪತ್ರಿಕೆಯಲ್ಲಿ ಅದೇ ಸುದ್ದಿ. ಯಾವಾಗ ಮುನ್ನುಗ್ಗಬೇಕು, ಯಾವಾಗ ಹಿಂದೆ ಸರಿದು ಎದುರಾಳಿಯನ್ನು ಬದಿಗೆ ತಳ್ಳಬೇಕು, ಆಫ್‌ಸೈಡ್ ಗೆರೆ (ಅದನ್ನು ದಾಟಿ ನಿಂತ ಎದುರಾಳಿಗೆ ಚೆಂಡು ಕೊಟ್ಟರೆ ತಪ್ಪು) ಕಾಯಲು ಪಕ್ಕದವನೊಂದಿಗೆ ಹೇಗೆ ಒಟ್ಟಿಗೆ ಹೆಜ್ಜೆ ಹಾಕಬೇಕು, ಇವು ಅಭ್ಯಾಸದ ಮೈದಾನದಲ್ಲಿ ಪೂರ್ತಿ ಬರುವುದಿಲ್ಲ. ನಿಜವಾದ ಪಂದ್ಯಗಳೇ ಬೇಕು. ದೊಡ್ಡ ತಂಡದ ಬೆಂಚಿನ ಮೇಲೆ ಕೂತರೆ ಅವು ಸಿಗುವುದಿಲ್ಲ. ಒಟ್ಲು ಪಾತಿಯ ಪೈರನ್ನು ಸಕಾಲಕ್ಕೆ ಕಿತ್ತು ಗದ್ದೆಗೆ ನಾಟಿ ಮಾಡದಿದ್ದರೆ ಏನಾಗುತ್ತದೆಂದು ನಾನು ನಿಮಗೆ ಹೇಳಬೇಕೇ?

ನಮ್ಮ ದೇಶದ ರಕ್ಷಣಾ ಆಟಗಾರ ಸಂದೇಶ್ ಜಿಂಗನ್ ಅವರನ್ನೇ ನೋಡಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಉದಯೋನ್ಮುಖ ಆಟಗಾರ ಎನಿಸಿಕೊಂಡ ಮೇಲೂ ತಮ್ಮ ತಂಡ ಕೇರಳ ಬ್ಲಾಸ್ಟರ್ಸ್‌ನಿಂದ ದೇಶದ ಇನ್ನೊಂದು ಲೀಗ್ ಆದ ಐ-ಲೀಗ್‌ನ ತಂಡಕ್ಕೆ ಎರವಲು ಹೋಗಿ ಆಡಿದರು. 2020ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

ಗಾಯದ ಭಯ ಅಮ್ಮನಿಗೆ ಇದೆ, ನನಗೂ ಇದೆ. 2023ರ ಮಾರ್ಚ್‌ನಲ್ಲಿ ಸಲಿಬಾನ ಬೆನ್ನಿಗೆ ಪೆಟ್ಟಾಗಿ ಆ ಸಾಲಿನ ಉಳಿದ ಪಂದ್ಯಗಳೆಲ್ಲ ಹೋದವು; ಆಗ ಮೊದಲ ಸ್ಥಾನದಲ್ಲಿದ್ದ ಆರ್ಸೆನಲ್ ಕೊನೆಗೆ ಎರಡನೆಯದಾಯಿತು. ಮರುಸಾಲಿನಲ್ಲಿ ಅವನು ಲೀಗ್‌ನ 38 ಪಂದ್ಯಗಳಲ್ಲೂ ಒಂದು ನಿಮಿಷ ಬಿಡದೆ ಆಡಿದ. ತಂಡ ಬಿಟ್ಟುಕೊಟ್ಟ ಗೋಲುಗಳು 29, ಲೀಗ್‌ನಲ್ಲೇ ಅತಿ ಕಡಿಮೆ.

ತಮ್ಮ ಸಲಿಬಾ ಆಗುತ್ತಾನೆಂದು ನಾನು ಹೇಳುತ್ತಿಲ್ಲ. ಆದರೆ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಬೆಳಗಿನ ಜಾವ ಒಬ್ಬನೇ ಓಡುತ್ತಿದ್ದ ಹುಡುಗನಿಗೆ ಈಗ ಪ್ರತಿ ವಾರ ಆಡುವ ಅವಕಾಶ ಬಂದಿದೆ. ಡಿಗ್ರಿಯನ್ನು ಮುಕ್ತ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಬಹುದು, ಅದರ ಶುಲ್ಕ ನನ್ನದು. ಅವನಿಗೆ ಫೋನ್ ಮಾಡಿದಾಗ ಯಾವಾಗ ವಾಪಸ್ ಬರುತ್ತೀಯ ಎಂದು ಕೇಳಬೇಡಿ. ಎಷ್ಟು ನಿಮಿಷ ಆಡಿದೆ, ಊಟ ಸೇರುತ್ತಿದೆಯೇ ಎಂದು ಕೇಳಿ. ಸಾಧ್ಯವಾದರೆ ಅವನ ಒಂದು ಪಂದ್ಯಕ್ಕೆ ನೀವಿಬ್ಬರೂ ಹೋಗಿ ಬನ್ನಿ. ರೈಲಿನ ಟಿಕೆಟ್ ನಾನು ಇಲ್ಲಿಂದಲೇ ಮಾಡಿಸುತ್ತೇನೆ, ದಿನ ಯಾವುದೆಂದು ಮಾತ್ರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು