ವೆಸ್ಟ್ರೇ–ಪಾಪಾ ವೆಸ್ಟ್ರೇ ವಿಮಾನ: ದೂರ ಮತ್ತು ಸಮಯದ ಬಗ್ಗೆ ಸೂಚನೆ

ಮೈಸೂರಿನ ನಮ್ಮ ಪ್ರವಾಸ ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳಲ್ಲಿರುವ ಈ ಎರಡು ಪುಟ್ಟ ವಿಮಾನ ನಿಲ್ದಾಣಗಳ ನಡುವಿನ ಅಂತರ ಸುಮಾರು 2.7 ಕಿ.ಮೀ.; ನಮ್ಮ ಅರಮನೆಯಿಂದ ಚಾಮುಂಡಿ ಬೆಟ್ಟದ ದೇವಸ್ಥಾನಕ್ಕಿರುವ ನೇರ ದೂರಕ್ಕಿಂತಲೂ ಕಡಿಮೆ. ಲೋಗನೇರ್ ಸಂಸ್ಥೆಯ ಪುಟ್ಟ ಐಲ್ಯಾಂಡರ್ ವಿಮಾನ ಇದನ್ನು ಎರಡು ನಿಮಿಷದೊಳಗೆ ದಾಟುತ್ತದೆ. ಅನುಕೂಲಕರ ಗಾಳಿಯಿದ್ದಾಗ 53 ಸೆಕೆಂಡುಗಳಲ್ಲೇ ತಲುಪಿದ ದಾಖಲೆಯೂ ಇದೆ.

ಆದರೆ ಹಾರಾಟದ ಸಮಯವನ್ನೇ ಪ್ರಯಾಣದ ಸಮಯವೆಂದು ಭಾವಿಸಿ ದಿನದ ಯೋಜನೆ ಹಾಕಬಾರದೆಂದು ಕಳಕಳಿಯಿಂದ ಕೋರುತ್ತೇನೆ. ಚಿಕ್ಕ ವಿಮಾನವಾದ್ದರಿಂದ ಪ್ರಯಾಣಿಕರ ಮತ್ತು ಸಾಮಾನಿನ ತೂಕ ಲೆಕ್ಕಕ್ಕೆ ಬರುತ್ತದೆ. ಮಂಜು ಕವಿದರೆ ಅಥವಾ ಗಾಳಿ ಜೋರಾದರೆ ವಿಮಾನ ಹೊರಡದೆಯೂ ಇರಬಹುದು. ಆದ್ದರಿಂದ ಓರ್ಕ್ನಿಯ ಮುಖ್ಯ ಪಟ್ಟಣವಾದ ಕಿರ್ಕ್‌ವಾಲ್‌ನಿಂದ ಮುಂದಿನ ವಿಮಾನ ಹಿಡಿಯಬೇಕಾದವರು ನಡುವೆ ಒಂದು ರಾತ್ರಿಯ ಬಿಡುವು ಇಟ್ಟುಕೊಂಡೇ ಟಿಕೆಟ್ ಕಾಯ್ದಿರಿಸಬೇಕು.