ದೂರು: ‘ಕ್ರೇವನ್‌ನ ಕೊನೆಯ ಬೇಟೆ’ ಸಂಪುಟದಲ್ಲಿ ಅಧ್ಯಾಯಗಳ ಕ್ರಮ ತಪ್ಪಿರುವ ಕುರಿತು

ಇವರಿಂದ,
ನಿಮ್ಮ ಆಪ್‌ನ ಚಂದಾದಾರರಾದ ಕನ್ನಡ ಕಾಮಿಕ್ಸ್ ಓದುಗರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಡಿಜಿಟಲ್ ಕಾಮಿಕ್ಸ್ ವಿಭಾಗ

ವಿಷಯ: ಅಧ್ಯಾಯಗಳ ಕ್ರಮ, ಕನ್ನಡ ವಿವರಣೆ ಮತ್ತು ವಯೋಮಿತಿಯನ್ನು ಸರಿಪಡಿಸುವ ಬಗ್ಗೆ, ಹಣ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ನಿಮ್ಮ ಆಪ್‌ನಲ್ಲಿ ‘ಕ್ರೇವನ್‌ನ ಕೊನೆಯ ಬೇಟೆ’ ಎಂಬ ಸ್ಪೈಡರ್‌ಮ್ಯಾನ್ ಸಂಪುಟವನ್ನು ದುಡ್ಡು ಕೊಟ್ಟು ಕೊಂಡು ಓದಲು ಕೂತರೆ, ಸ್ಪೈಡರ್‌ಮ್ಯಾನ್‌ನ ವೈರಿ ಕ್ರೇವನ್ ಎರಡನೆಯ ಅಧ್ಯಾಯದಲ್ಲೇ ಸಾಯುತ್ತಾನೆ. ಐದನೆಯ ಅಧ್ಯಾಯಕ್ಕೆ ಬಂದರೆ ಅದೇ ಕ್ರೇವನ್ ಕೋವಿ ಹಿಡಿದು ಸ್ಪೈಡರ್‌ಮ್ಯಾನ್‌ಗೆ ಗುರಿಯಿಡುತ್ತಾನೆ. ಮೊದಲ ಸಲ ಓದುವವರು ಕತೆಯೇ ಹೀಗಿರಬೇಕು ಎಂದುಕೊಂಡು, ತಲೆಬುಡ ತಿಳಿಯದೆ ಪುಸ್ತಕ ಮುಚ್ಚಿಡುತ್ತಾರೆ. ಕತೆ ಹಾಗಿಲ್ಲ. ತಪ್ಪಿರುವುದು ನಿಮ್ಮ ಪಟ್ಟಿ.

1987ರಲ್ಲಿ ಮಾರ್ವೆಲ್ ಪ್ರಕಾಶನ ಈ ಕತೆಯ ಆರು ಭಾಗಗಳನ್ನು ಒಂದೇ ಮಾಲಿಕೆಯಲ್ಲಿ ಪ್ರಕಟಿಸಲಿಲ್ಲ. ಆಗ ನಡೆಯುತ್ತಿದ್ದ ಮೂರು ಸ್ಪೈಡರ್‌ಮ್ಯಾನ್ ಮಾಲಿಕೆಗಳಿಗೆ ಹಂಚಿ, ಎರಡು ತಿಂಗಳಲ್ಲಿ ಮುಗಿಸಿತು. ಸರಿಯಾದ ಕ್ರಮ ಹೀಗೆ: ‘ವೆಬ್ ಆಫ್ ಸ್ಪೈಡರ್‌ಮ್ಯಾನ್’ 31, ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 293, ‘ಪೀಟರ್ ಪಾರ್ಕರ್, ದ ಸ್ಪೆಕ್ಟ್ಯಾಕ್ಯುಲರ್ ಸ್ಪೈಡರ್‌ಮ್ಯಾನ್’ 131. ಆಮೇಲೆ ಅದೇ ಸರದಿಯಲ್ಲಿ ವೆಬ್ 32, ಅಮೇಜಿಂಗ್ 294, ಸ್ಪೆಕ್ಟ್ಯಾಕ್ಯುಲರ್ 132.

ಮೊಬೈಲ್ ಆಪ್‌ನಲ್ಲಿ ಸಂಪುಟ ತೆರೆದು ‘ಒಳಪುಟಗಳು’ ಒತ್ತಿದರೆ ಕಾಣುವ ಸಾಲು ಬೇರೆ: ಅಮೇಜಿಂಗ್ 293, 294, ಸ್ಪೆಕ್ಟ್ಯಾಕ್ಯುಲರ್ 131, 132, ವೆಬ್ 31, 32. ಮಾಲಿಕೆಗಳ ಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯಂತೆ ಜೋಡಿಸಿ, ಆಮೇಲೆ ಸಂಚಿಕೆಯ ಸಂಖ್ಯೆ ನೋಡಿದ್ದರ ಫಲ ಇದು. ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆದರೆ ಇನ್ನೊಂದು ಸಾಲು. ಅಲ್ಲಿ ‘ದ ಅಮೇಜಿಂಗ್’ ಎಂಬುದರ ‘ದ’ ಕೂಡ ಲೆಕ್ಕಕ್ಕೆ ಸಿಕ್ಕಿರುವುದರಿಂದ ಆ ಮಾಲಿಕೆ ಕೆಳಕ್ಕೆ ಜಾರಿ, ‘ಪೀಟರ್ ಪಾರ್ಕರ್’ ಮೊದಲಿಗೆ ಬಂದಿದೆ. ಕತೆಯ ಕಡೆಯ ಅಧ್ಯಾಯ ಅಲ್ಲಿ ಎರಡನೆಯದು.

ಬಿಡಿ ಸಂಚಿಕೆಗಳನ್ನು ಚಂದಾದಲ್ಲಿ ಓದುವವರ ಪಾಡು ಇದಕ್ಕಿಂತ ಕೆಟ್ಟದ್ದು. ವೆಬ್ 31 ಮುಗಿದಾಗ ಕ್ರೇವನ್ ಸ್ಪೈಡರ್‌ಮ್ಯಾನ್‌ನನ್ನು ಮಣ್ಣು ಮಾಡಿರುತ್ತಾನೆ. ಕೆಳಗೆ ‘ಮುಂದಿನ ಸಂಚಿಕೆ’ ಎಂಬ ಗುಂಡಿ ಇದೆ. ಒತ್ತಿದರೆ ನೇರವಾಗಿ ವೆಬ್ 32. ಅದರ ಮುಖಪುಟದಲ್ಲೇ ಗೋರಿಕಲ್ಲು, ಮಣ್ಣು ಸೀಳಿಕೊಂಡು ಮೇಲೆದ್ದ ಸ್ಪೈಡರ್‌ಮ್ಯಾನ್. ಹೂತದ್ದು ಈ ಪುಟದಲ್ಲಿ, ಎದ್ದದ್ದು ಮರುಪುಟದಲ್ಲಿ! ಅವನು ಮಣ್ಣಿನಡಿ ಇದ್ದದ್ದು ಎರಡು ವಾರ. ಆ ಅವಧಿಯಲ್ಲೇ ಕ್ರೇವನ್ ಅವನ ಕಪ್ಪು ಉಡುಪು ತೊಟ್ಟು ನ್ಯೂಯಾರ್ಕಿನ ಬೀದಿಗಿಳಿಯುತ್ತಾನೆ, ಸ್ಪೈಡರ್‌ಮ್ಯಾನ್‌ನನ್ನು ಹೊಸದಾಗಿ ಮದುವೆಯಾದ ಮೇರಿ ಜೇನ್, ಗಂಡ ಎಲ್ಲಿ ಎಂದು ತಿಳಿಯದೆ ಒದ್ದಾಡುತ್ತಾಳೆ, ಚರಂಡಿಯ ಕತ್ತಲಲ್ಲಿ ಇಲಿಯಂತಾದ ಮನುಷ್ಯ ವರ್ಮಿನ್, ಒಬ್ಬಂಟಿಯಾಗಿ ಬಂದ ಕ್ರೇವನ್‌ನ ಕೈಗೆ ಸಿಕ್ಕಿಬೀಳುತ್ತಾನೆ. ಇದೆಲ್ಲ ನಡೆಯುವ ಎರಡನೆಯ ಮತ್ತು ಮೂರನೆಯ ಅಧ್ಯಾಯಗಳನ್ನು ನಿಮ್ಮ ಗುಂಡಿ ಹಾರಿಸಿಬಿಡುತ್ತದೆ. ಕಾಯುವ ಸಂಕಟವನ್ನು ಓದುಗರಿಗೂ ದಾಟಿಸುವುದು ಈ ಅಧ್ಯಾಯಗಳ ಕೆಲಸ. ಅದಿಲ್ಲದಿದ್ದರೆ ಇದು ಸಾಮಾನ್ಯ ಹೊಡೆದಾಟದ ಕತೆ.

ಮುಖಪುಟದ ತಿಂಗಳನ್ನು ನೋಡಿ ಜೋಡಿಸುತ್ತೇವೆ ಎಂದು ಹೊರಟರೂ ಸರಿಹೋಗದು. ಮೊದಲ ಮೂರಕ್ಕೂ ಅಕ್ಟೋಬರ್ 1987, ಕಡೆಯ ಮೂರಕ್ಕೂ ನವೆಂಬರ್. ಒಂದೇ ತಿಂಗಳ ಮೂರನ್ನು ಯಂತ್ರ ಮತ್ತೆ ಅಕ್ಷರ ನೋಡಿಯೇ ಜೋಡಿಸುತ್ತದೆ, ಮೊದಲ ಅಧ್ಯಾಯವಾದ ವೆಬ್ 31 ಮೂರನೆಯದಾಗುತ್ತದೆ. ಪ್ರತಿ ಸಂಚಿಕೆಗೂ ಓದುವ ಕ್ರಮಸಂಖ್ಯೆಯನ್ನು ಕೈಯಾರೆ ಕೊಡುವುದೇ ದಾರಿ. ಕಾಮಿಕ್ಸ್ ಕಡತಗಳಿಗೆ ಚಾಲ್ತಿಯಲ್ಲಿರುವ ‘ಕಾಮಿಕ್‌ಇನ್ಫೋ’ ಮಾದರಿಯಲ್ಲಿ ಇದಕ್ಕೆಂದೇ ‘ಸ್ಟೋರಿ ಆರ್ಕ್’, ‘ಸ್ಟೋರಿ ಆರ್ಕ್ ನಂಬರ್’ ಎಂಬ ಎರಡು ಖಾನೆಗಳಿವೆ. ಮೊದಲನೆಯದರಲ್ಲಿ ಕತೆಯ ಹೆಸರು, ಎರಡನೆಯದರಲ್ಲಿ 1ರಿಂದ 6. ಸಂಪುಟದ ಪಟ್ಟಿಯೂ ‘ಮುಂದಿನ ಸಂಚಿಕೆ’ ಗುಂಡಿಯೂ ಮೊದಲು ಈ ಸಂಖ್ಯೆಯನ್ನು ನೋಡಬೇಕು, ಅದು ಖಾಲಿಯಿದ್ದರೆ ಮಾತ್ರ ಮಾಲಿಕೆಯ ಸಂಖ್ಯೆಗೆ ಹೋಗಬೇಕು. ಒಮ್ಮೆ ಹೀಗೆ ಮಾಡಿದರೆ ಐದು ಮಾಲಿಕೆಗಳಲ್ಲಿ ಹರಡಿರುವ, 1993ರ 14 ಭಾಗಗಳ ‘ಮ್ಯಾಕ್ಸಿಮಮ್ ಕಾರ್ನೇಜ್’ ಕೂಡ ಸರಿಹೋಗುತ್ತದೆ.

ಇನ್ನು ಕನ್ನಡ ವಿವರಣೆ. ಕನ್ನಡದಲ್ಲಿ ವಿವರಣೆ ಕೊಟ್ಟಿದ್ದೀರಿ ಎಂಬುದಕ್ಕೆ ನಮಗೆ ನಿಜವಾಗಿಯೂ ಸಂತೋಷವಿದೆ, ಆದ್ದರಿಂದಲೇ ಅದನ್ನು ಹೀಗೆ ಬಿಡಬಾರದು. ‘ದೊಡ್ಡ ಆಟದ ಬೇಟೆಗಾರ ಕ್ರೇವನ್’ ಎಂದು ಬರೆದಿದೆ. ಇಂಗ್ಲಿಷಿನ ‘ಗೇಮ್’ ಎಂದರೆ ಆಟವೂ ಹೌದು, ಬೇಟೆಯ ಪ್ರಾಣಿಯೂ ಹೌದು. ಇಲ್ಲಿ ಬೇಕಾದದ್ದು ಎರಡನೆಯ ಅರ್ಥ: ಸಿಂಹ, ಆನೆ, ಹುಲಿಯಂಥ ದೊಡ್ಡ ಮೃಗಗಳ ಬೇಟೆ. ಶಿಕಾರಿ ಎಂಬ ಮಾತು ನಮ್ಮಲ್ಲಿ ಯಾರಿಗೆ ತಿಳಿಯದು? ‘ಶಿಕಾರಿಯ ಹುಚ್ಚು ಹಿಡಿದವನು’ ಎಂದರೆ ಅವನ ಸ್ವಭಾವವೂ ಅದರಲ್ಲೇ ಬಂತು. ‘ಕ್ರೇವನ್ಸ್ ಲಾಸ್ಟ್ ಹಂಟ್’ ಎಂಬ ಇಂಗ್ಲಿಷ್ ಹೆಸರಿನ ‘ಹಂಟ್’ ಎಂಬುದನ್ನು ‘ಹುಡುಕಾಟ’ ಮಾಡಿದ್ದೀರಿ, ಅದು ಬೇಟೆ. ವರ್ಮಿನ್ ಎಂಬುದು ಇಲಿಯಂತಾದ ಮನುಷ್ಯನೊಬ್ಬನ ಹೆಸರು. ಅದನ್ನು ‘ಕ್ರಿಮಿಕೀಟಗಳು’ ಎಂದು ಬಹುವಚನ ಮಾಡಿರುವುದರಿಂದ ಕ್ರೇವನ್ ಚರಂಡಿಗೆ ಔಷಧಿ ಹೊಡೆಯಲು ಇಳಿದಂತೆ ಓದಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ನೋವಾಗುವುದು ‘ಸ್ಪೈಡರ್‌ಮ್ಯಾನ್‌ನನ್ನು ಬಂದೂಕಿನಿಂದ ಚಿತ್ರೀಕರಿಸುತ್ತಾನೆ’ ಎಂಬ ವಾಕ್ಯ. ‘ಶೂಟ್’ ಎಂಬ ಪದವನ್ನು ಯಂತ್ರ ಸಿನಿಮಾದವರ ಅರ್ಥದಲ್ಲಿ ತೆಗೆದುಕೊಂಡಿದೆ. ಈ ಕತೆಯ ಕೀಲಿರುವುದೇ ಆ ಕೋವಿಯಲ್ಲಿ. 1964ರ ಆಗಸ್ಟ್‌ನ ‘ಅಮೇಜಿಂಗ್’ 15ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಸೃಷ್ಟಿಸಿದ ಕ್ರೇವನ್ ಕಾಡಿನ ಗಿಡಮೂಲಿಕೆಯ ರಸ ಕುಡಿದು ಬಲ ಪಡೆದವನು, ಮೃಗಗಳನ್ನು ಬರಿಗೈಯಲ್ಲಿ ಕೆಡವುವುದೇ ಅವನ ಹೆಮ್ಮೆ. ಅಂಥವನು ಮೊದಲ ಅಧ್ಯಾಯದಲ್ಲಿ ಕೋವಿ ಎತ್ತುತ್ತಾನೆ ಎಂಬುದೇ ಓದುಗರ ಎದೆ ನಡುಗಿಸುವ ಸಂಗತಿ. ಅದರಿಂದ ಹೊರಟದ್ದು ಕೊಲ್ಲುವ ಗುಂಡಲ್ಲ, ಸತ್ತಂತೆ ಮಲಗಿಸುವ ಮದ್ದು ಎಂಬುದು ಆಮೇಲೆ ತಿಳಿಯುತ್ತದೆ. ಐದನೆಯ ಅಧ್ಯಾಯದ ಕೊನೆಗೆ ಮತ್ತೆ ಕೋವಿ, ಈ ಸಲ ತನಗೇ. ಒಂದು ಈಡಿನಿಂದ ಇನ್ನೊಂದು ಈಡಿನವರೆಗೆ ಕಟ್ಟಿದ ಕತೆ ಇದು. ನಿಮ್ಮ ಕ್ರಮದಲ್ಲಿ ಎರಡನೆಯ ಈಡು ಮೊದಲು ಕೇಳಿಸುತ್ತದೆ, ನಿಮ್ಮ ವಿವರಣೆಯಲ್ಲಿ ಮೊದಲನೆಯದು ಕೇಳಿಸುವುದೇ ಇಲ್ಲ.

ವಿವರಣೆಯಲ್ಲಿ ಅವನನ್ನು ‘ಆಫ್ರಿಕಾದ ಬೇಟೆಗಾರ’ ಎಂದೂ ಕರೆದಿದ್ದೀರಿ. ಅವನು ಸೆರ್ಗೇ ಕ್ರಾವಿನೋಫ್, 1917ರ ಕ್ರಾಂತಿಯಲ್ಲಿ ದಿಕ್ಕೆಟ್ಟ ರಷ್ಯನ್ ಸಿರಿವಂತ ಮನೆತನದವನು. ಲೇಖಕ ಜೆ. ಎಂ. ಡಿಮ್ಯಾಟೈಸ್ ಅವರನ್ನು ಈ ಪಾತ್ರದ ಕಡೆಗೆ ಸೆಳೆದದ್ದೇ ಅವನು ರಷ್ಯದವನು ಎಂಬ ಸಂಗತಿ, ಏಕೆಂದರೆ ರಷ್ಯದ ಕಾದಂಬರಿಕಾರ ದಾಸ್ತಯೆವ್‌ಸ್ಕಿ ಅವರಿಗೆ ಬಹಳ ಪ್ರಿಯನಾದ ಲೇಖಕ. ಆ ಡಿಮ್ಯಾಟೈಸ್ ಹೆಸರೂ, ಚಿತ್ರ ಬರೆದ ಮೈಕ್ ಝೆಕ್, ಶಾಯಿ ಹಾಕಿದ ಬಾಬ್ ಮೆಕ್ಲಿಯಡ್ ಅವರ ಹೆಸರೂ ನಿಮ್ಮ ಪುಟದಲ್ಲಿಲ್ಲ. ಇರುವುದು ಸ್ಟ್ಯಾನ್ ಲೀ ಹೆಸರೊಂದೇ. ಅವರು ಪಾತ್ರವನ್ನು ಸೃಷ್ಟಿಸಿದವರಲ್ಲಿ ಒಬ್ಬರು, ಈ ಕತೆ ಬರೆದವರಲ್ಲ. ಹೆಸರುಗಳನ್ನು ಸೇರಿಸಿ.

ತಡಮಾಡದೆ ಇಂದೇ ತಿದ್ದಬೇಕಾದದ್ದು ವಯೋಮಿತಿ. ಈ ಸಂಪುಟ ಈಗ ‘9 ವರ್ಷ ಮೇಲ್ಪಟ್ಟವರಿಗೆ’ ಎಂದು ಮಕ್ಕಳ ವಿಭಾಗದಲ್ಲಿದೆ. ಜೀವಂತ ಸಮಾಧಿ, ಮನುಷ್ಯರನ್ನು ತಿನ್ನುವ ವರ್ಮಿನ್, ಆತ್ಮಹತ್ಯೆ, ಈ ಮೂರೂ ಇರುವ ಕತೆ ಇದು. ಸ್ಪೈಡರ್‌ಮ್ಯಾನ್‌ನ ಉಡುಪು ಕಂಡದ್ದೆಲ್ಲ ಮಕ್ಕಳದ್ದಾಗುವುದಿಲ್ಲ. ಆತ್ಮಹತ್ಯೆಯನ್ನು ವೈಭವೀಕರಿಸಿದಂತಾಯಿತು ಎಂಬ ಆಕ್ಷೇಪ ಬಂದದ್ದರಿಂದಲೇ ಡಿಮ್ಯಾಟೈಸ್, ಝೆಕ್, ಮೆಕ್ಲಿಯಡ್ ಮೂವರೂ 1992ರಲ್ಲಿ ‘ಸೋಲ್ ಆಫ್ ದ ಹಂಟರ್’ ಎಂಬ ಮುಂದಿನ ಭಾಗವನ್ನು ತಂದರು. ಬರೆದವರೇ ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದನ್ನು ಮಾರುವವರು ಹಗುರವಾಗಿ ಕಾಣಬಾರದು. ಸಂಪುಟವನ್ನು ದೊಡ್ಡವರ ವಿಭಾಗಕ್ಕೆ ಸರಿಸಿ. ಎಚ್ಚರಿಕೆಯ ಪುಟವನ್ನು ಖರೀದಿಯ ಪರದೆಯಲ್ಲಿ ಮಾತ್ರ ಹಾಕಿದರೆ ಸಾಲದು, ಬಿಡಿ ಸಂಚಿಕೆ ಓದುವವರಿಗೆ ಅದು ಕಾಣುವುದಿಲ್ಲ. ಐದನೆಯ ಅಧ್ಯಾಯದ ಮೊದಲ ಪುಟಕ್ಕೂ ಮುಂಚೆ ಇರಲಿ, ಅದರಲ್ಲಿ ಕೇಂದ್ರ ಸರ್ಕಾರದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನೂ ಕೊಡಿ.

ಕ್ರಮ ಸರಿಯಾಗುವವರೆಗೆ ಈ ಸಂಪುಟದ ಮಾರಾಟ ನಿಲ್ಲಿಸಬೇಕು, ಈಗಾಗಲೇ ಕೊಂಡವರು ಕೇಳಿದರೆ ಹಣ ವಾಪಸ್ ಕೊಡಬೇಕು. ಸರಿಪಡಿಸಿದ ಮೇಲೆ ಹಳೆಯ ಡೌನ್‌ಲೋಡ್‌ಗಳೂ ತಾವಾಗಿ ಬದಲಾಗಬೇಕು. ಈಗ ಆಪ್ ಪಟ್ಟಿಯನ್ನು ಫೋನಿನಲ್ಲೇ ಉಳಿಸಿಕೊಳ್ಳುವುದರಿಂದ, ಸಂಪುಟವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳದ ಹೊರತು ಹಳೆಯ ಕ್ರಮವೇ ನಿಲ್ಲುತ್ತದೆ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿಯನ್ನೂ, ಒಂದು ತಿಂಗಳೊಳಗೆ ಪರಿಹಾರವನ್ನೂ ನೀವು ಕೊಡಬೇಕಾಗುತ್ತದೆ. ಅದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ. ಮೊಬೈಲ್ ಮತ್ತು ಬ್ರೌಸರ್ ಎರಡರ ಪಟ್ಟಿಯ ಸ್ಕ್ರೀನ್‌ಶಾಟ್‌ಗಳನ್ನೂ, ಕನ್ನಡ ವಿವರಣೆಯ ತಿದ್ದಿದ ಪ್ರತಿಯನ್ನೂ ಇದರೊಂದಿಗೆ ಲಗತ್ತಿಸಿದ್ದೇವೆ. ತಿದ್ದಿದ ಪ್ರತಿಯನ್ನು ಹಾಗೆಯೇ ಬಳಸಿಕೊಳ್ಳಬಹುದು.

ಇಂತಿ,
ಚಂದಾದಾರರಾದ ಕನ್ನಡ ಕಾಮಿಕ್ಸ್ ಓದುಗರು
ಬೆಂಗಳೂರು