ಮಗಳಿಗೊಂದು ಪತ್ರ: ರೆಕ್ಕೆ ಹತ್ತಿರದ ಸೀಟು

ಪುಟ್ಟಾ,

ವಿಮಾನದ ಟಿಕೆಟ್ ಆಯ್ತು, ಸೀಟು ಇನ್ನೂ ಆರಿಸಿಲ್ಲ ಅಂತ ಮೊನ್ನೆ ಫೋನಿನಲ್ಲಿ ಹೇಳುವಾಗ ನಿನ್ನ ದನಿ ಸಣ್ಣಗಾಗಿತ್ತು. "ಯಾವುದಾದರೇನು ಬಿಡಪ್ಪಾ" ಅಂದೆ. ಹೆದರಿಕೆ ಇರುವವರಿಗೆ ಯಾವುದಾದರೂ ಆಗುವುದಿಲ್ಲ, ಮಗಳೇ. ಅದು ನನಗೆ ಗೊತ್ತು.

ನಿನಗೆ ಇಷ್ಟು ದಿನ ಹೇಳದ ಒಂದು ಮಾತಿದೆ. ನೀನು ಚಿಕ್ಕವಳಿದ್ದಾಗ ಪ್ರತಿ ಸಲವೂ ಕಿಟಕಿ ಸೀಟು ನಿನಗೇ ಕೊಡುತ್ತಿದ್ದೆ. ಪ್ರೀತಿಯಿಂದ ಅಂತ ಅಂದುಕೊಂಡಿದ್ದೆ, ಅಲ್ವಾ? ಪ್ರೀತಿಯೂ ಇತ್ತು. ಆದರೆ ನನಗೆ ಹೊರಗೆ ನೋಡಲು ಧೈರ್ಯ ಸಾಲುತ್ತಿರಲಿಲ್ಲ. ನೀನು ಮೋಡ ಎಣಿಸುತ್ತಿದ್ದೆ, ನಾನು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ಕೂತಿರುತ್ತಿದ್ದೆ.

ಮೊದಲು ನಿನ್ನನ್ನು ಹೆದರಿಸುವುದು ಯಾವುದು ಅಂತ ಕೇಳಿಕೋ. ಮುಚ್ಚಿದ ಜಾಗದಲ್ಲಿ ಸಿಕ್ಕಿಬಿದ್ದ ಹಾಗೆ ಆಗುತ್ತದೆ ಅನ್ನುವವರಿಗೆ ಓಡಾಡುವ ದಾರಿ ಪಕ್ಕದ ಸೀಟೇ ಸರಿ, ಸಾಧ್ಯವಾದಷ್ಟು ಮುಂದೆ. ಯಾರನ್ನೂ ಎಬ್ಬಿಸದೆ ಏಳಬಹುದು, ಬೇಗ ಇಳಿಯಬಹುದು. ನಿನ್ನ ಮಾತು ಕೇಳಿದರೆ ನಿನ್ನದು ಅಲುಗಾಟದ ಭಯ. ಹಾಗಿದ್ದರೆ ರೆಕ್ಕೆ ಹತ್ತಿರ ಕೂತುಕೋ.

ತಕ್ಕಡಿ ನೋಡಿದ್ದೀಯಲ್ಲ. ತಟ್ಟೆಗಳು ಮೇಲೆ ಕೆಳಗೆ ಆಡುತ್ತವೆ, ನಡುವೆ ಕೈಯಲ್ಲಿ ಹಿಡಿದ ಜಾಗ ಅಷ್ಟಾಗಿ ಅಲುಗುವುದಿಲ್ಲ. ವಿಮಾನದ ತೂಕದ ನಡುಬಿಂದು ರೆಕ್ಕೆಗಳ ಹತ್ತಿರ ಇರುತ್ತದೆ. ಗಾಳಿ ತಳ್ಳಿದಾಗ ಬಾಲ ಕುಲುಕುವಷ್ಟು ಆ ಜಾಗ ಕುಲುಕುವುದಿಲ್ಲ. ಒಮ್ಮೆ ಸೀಟು ಆರಿಸುವುದು ತಡವಾಗಿ ಕೊನೆಯ ಸಾಲಿನಲ್ಲಿ ಕೂತು ಬಂದಿದ್ದೆ. ಬಸ್ಸಿನ ಹಿಂದಿನ ಸೀಟಿನ ಹಾಗೆ ಎತ್ತಿ ಎತ್ತಿ ಹಾಕಿತು. ಸೀಟು ಹಿಂದಕ್ಕೆ ಒರಗುತ್ತಲೂ ಇರಲಿಲ್ಲ. ಇಳಿದು ಎಷ್ಟೋ ಹೊತ್ತಿನವರೆಗೆ ಮೊಣಕಾಲು ನಡುಗುತ್ತಿತ್ತು. ಆಮೇಲೆ ಹಿಂದಿನ ಸೀಟನ್ನು ನಾನು ಮುಟ್ಟಿಲ್ಲ.

ಏರ್‌ಬಸ್ ಎ320, ಬೋಯಿಂಗ್ 737 ವಿಮಾನಗಳಲ್ಲಿ ಸಾಲಿಗೆ ಆರು ಸೀಟು. ಎ ಮತ್ತು ಎಫ್ ಕಿಟಕಿ, ಸಿ ಮತ್ತು ಡಿ ದಾರಿ ಪಕ್ಕ. ಸೀಟುಗಳ ನಕ್ಷೆಯಲ್ಲಿ ನಡುವೆ ತುರ್ತು ಬಾಗಿಲಿನ ಸಾಲು ಕಂಡರೆ ರೆಕ್ಕೆ ಅಲ್ಲೇ ಇದೆ ಅಂತ. ಆ ಸಾಲಿನಲ್ಲಿ ಕಾಲು ಚಾಚಲು ಜಾಗ ಜಾಸ್ತಿ. ಆದರೆ ಅಗತ್ಯ ಬಿದ್ದರೆ ಬಾಗಿಲು ತೆರೆಯಲು ಸಿದ್ಧರಿದ್ದೀರಾ ಅಂತ ಸಿಬ್ಬಂದಿ ಕೇಳುತ್ತಾರೆ. ಆ ಪ್ರಶ್ನೆಯೇ ದಾರಿಯುದ್ದಕ್ಕೂ ನಿನ್ನನ್ನು ಕೊರೆಯುತ್ತದೆ. ಅದರ ಹಿಂದಿನ ಒಂದೆರಡು ಸಾಲು ನೋಡು. ತುರ್ತು ಬಾಗಿಲಿಗಿಂತ ಮುಂದಿರುವ ಸಾಲು ಬೇಡ, ಅದು ಎಷ್ಟೋ ವಿಮಾನಗಳಲ್ಲಿ ಒರಗುವುದಿಲ್ಲ.

ಕಿಟಕಿಯನ್ನೇ ತಗೋ. ಹೊರಗೆ ನೋಡದಿದ್ದರೆ ಓಲಾಟ ಮೈಗೆ ಮಾತ್ರ ತಿಳಿಯುತ್ತದೆ, ಕಣ್ಣಿಗೆ ಎಲ್ಲವೂ ನಿಂತ ಹಾಗೆ ಕಾಣುತ್ತದೆ. ತಲೆ ತಿರುಗುವುದು, ಹೊಟ್ಟೆ ತೊಳಸುವುದು ಅದರಿಂದಲೇ. ನೆಲ ಆಕಾಶ ಸೇರುವ ಗೆರೆ ಕಾಣುತ್ತಿದ್ದರೆ ಸ್ವಲ್ಪ ಸಮಾಧಾನ.

ನಾನು ಮೊದಲ ಸಲ ಕಿಟಕಿ ಪಕ್ಕ ಕೂತದ್ದು ನಿನ್ನನ್ನು ಹಾಸ್ಟೆಲ್‌ಗೆ ಬಿಟ್ಟು ಒಬ್ಬನೇ ಮರಳಿದ ದಿನ. ಕೊಡಲು ಪಕ್ಕದಲ್ಲಿ ನೀನಿರಲಿಲ್ಲ. ರೆಕ್ಕೆಯ ತುದಿ ಬಳುಕುತ್ತಿತ್ತು. ಎದೆ ಧಸಕ್ಕೆಂದಿತು. ಮನೆಗೆ ಬಂದು ಹುಡುಕಿ ಓದಿದೆ. ಬಳುಕಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. 2010ರಲ್ಲಿ ಬೋಯಿಂಗ್ 787ರ ರೆಕ್ಕೆಗಳಿಗೆ, ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಒತ್ತಡದ ಒಂದೂವರೆ ಪಟ್ಟು ಹಾಕಿ ಪರೀಕ್ಷೆ ಮಾಡಿದರು. ಸುಮಾರು 25 ಅಡಿ ಮೇಲಕ್ಕೆ ಬಾಗಿದವು, ಮುರಿಯಲಿಲ್ಲ. ಮುಂದಿನ ಸಲ ಅದೇ ಬಳುಕು ನೋಡುತ್ತಾ ಉಸಿರು ಬಿಟ್ಟೆ. ನೀನೂ ಅದನ್ನು ನೋಡಬೇಕು ಅನ್ನುವುದು ನನ್ನ ಆಸೆ.

ರೆಕ್ಕೆ ಹತ್ತಿರ ಕೂತರೆ ಸದ್ದು ಸ್ವಲ್ಪ ಜಾಸ್ತಿ. ಎ320 ಆದರೆ ಹೊರಡುವ ಮೊದಲು ನೆಲದಡಿಯಿಂದ ನಾಯಿ ಬೊಗಳಿದ ಹಾಗೆ, ಗರಗಸ ಎಳೆದ ಹಾಗೆ ಕೇಳಿಸಬಹುದು. ಗಾಬರಿಯಾಗಬೇಡ, ಅದು ಕೊಳವೆಗಳಲ್ಲಿನ ಎಣ್ಣೆಯ (ಹೈಡ್ರಾಲಿಕ್) ಒತ್ತಡ ಸರಿದೂಗಿಸುವ ಯಂತ್ರ. ಮೇಲೇರಿದ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಇಳಿಯುತ್ತದೆ, ಕುಸಿದ ಹಾಗೆ ಅನ್ನಿಸುತ್ತದೆ. ಏರುವುದಕ್ಕೆ ಇನ್ನು ಅಷ್ಟು ಶಕ್ತಿ ಬೇಡ ಅಂತ ಕಡಿಮೆ ಮಾಡಿರುತ್ತಾರೆ, ಅಷ್ಟೇ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಪ್ರಯಾಣ ಹಗುರವಾಗಿರುತ್ತಿತ್ತು.

ಬೆಳಗಿನ ವಿಮಾನ ತಗೊಂಡದ್ದು ಒಳ್ಳೆಯದಾಯಿತು. ನೆಲ ಕಾಯುವ ಮೊದಲು ಗಾಳಿ ಅಷ್ಟು ಕದಡಿರುವುದಿಲ್ಲ. ಆದರೂ ಎಲ್ಲಿ ಕೂತರೂ ಅಲುಗಾಟ ಪೂರ್ತಿ ತಪ್ಪುವುದಿಲ್ಲ, ಸುಳ್ಳು ಹೇಳಲಾರೆ. ಬೆಲ್ಟಿನ ದೀಪ ಆರಿದ ಮೇಲೂ ಬೆಲ್ಟ್ ಬಿಚ್ಚಬೇಡ.

ಸೀಟು ಆರಿಸಿದ ಕೂಡಲೇ ನಂಬರ್ ಕಳಿಸು, ಎಷ್ಟು ಹೊತ್ತಾದರೂ ಸರಿ. ನಕ್ಷೆ ತೆರೆದು ನೀನು ಎಲ್ಲಿ ಕೂತಿರುತ್ತೀಯ ಅಂತ ನೋಡಿಕೊಳ್ಳುತ್ತೇನೆ.

ನಿನ್ನ
ಅಪ್ಪ